ರಿಮೋಟ್ ಕೂಗಲಿ, ಕಾಂಟಾಕ್ಟರ್ ದುಡಿಯಲಿ: ಡಸ್ಟ್ ಕಲೆಕ್ಟರ್‌ಗೆ ಸ್ವಿಚ್ ಆಯ್ಕೆ ಮಾಡುವ ಬಗೆ

ಮರಗೆಲಸದ ಶೆಡ್‌ನಲ್ಲಿ ಪುಡಿ ಎಳೆದುಕೊಳ್ಳುವ ಡಸ್ಟ್ ಕಲೆಕ್ಟರ್ ಯಾವಾಗಲೂ ಮೂಲೆಯಲ್ಲೇ ಇರುತ್ತದೆ. ಅದು ದೊಡ್ಡದು, ಸದ್ದು ಜಾಸ್ತಿ, ಚೀಲ ಉಬ್ಬಿದರೆ ಜಾಗ ತಿನ್ನುತ್ತದೆ. ಟೇಬಲ್ ಸಾ, ಅಂದರೆ ಮೇಜಿನ ಗರಗಸ, ಇರುವುದು ಶೆಡ್ಡಿನ ನಡುವೆ. ಒಂದು ಪಟ್ಟಿ ಸೀಳಬೇಕು, ಹತ್ತು ಸೆಕೆಂಡಿನ ಕೆಲಸ. ಅಷ್ಟಕ್ಕೆ ಮೂಲೆಗೆ ಹೋಗಿ ಸ್ವಿಚ್ ಹಾಕಿ, ವಾಪಸ್ ಬಂದು ಸೀಳಿ, ಮತ್ತೆ ಹೋಗಿ ಆರಿಸಬೇಕು. ‘ಒಂದೇ ಒಂದು ಕಟ್ ಅಲ್ವಾ, ಬಿಡು’ ಅನ್ನಿಸುತ್ತದೆ. ಹಾಗೆ ದಿನಕ್ಕೆ ಎಷ್ಟು ಸಲ ಅನ್ನಿಸುತ್ತದೆ ಎಂದು ಒಮ್ಮೆ ಎಣಿಸಿ ನೋಡಿ.

ದಪ್ಪ ಹೊಟ್ಟು ನೆಲಕ್ಕೆ ಬೀಳುತ್ತದೆ, ಸಂಜೆ ಗುಡಿಸಿದರೆ ಆಯಿತು. ತೊಂದರೆ ಇರುವುದು ಕಣ್ಣಿಗೆ ಕಾಣದ ನುಣ್ಣನೆಯ ಪುಡಿಯಲ್ಲಿ. ಅದು ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತದೆ, ಉಸಿರಿನ ಜೊತೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲಿ ಹೊರತಂದ ವರದಿಯಲ್ಲಿ ಮರದ ಪುಡಿಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲೇ ಇಟ್ಟಿತು. ಮೂಗಿನ ಒಳಗೆ, ಮೂಗಿನ ಪಕ್ಕದ ಕುಳಿಗಳಲ್ಲಿ ಬರುವ ಕ್ಯಾನ್ಸರ್‌ಗೂ ಇದಕ್ಕೂ ನಂಟು ಇದೆ. ಬೀಟೆ ಮರದ ಪುಡಿಗೆ ಕೆಲವರ ಚರ್ಮ ಕೆರೆತ ಬಂದು ಕೆಂಪಾಗುತ್ತದೆ. ಮರದ ನಾರಿಗೆ ಅಂಟು ಸೇರಿಸಿ ಒತ್ತಿ ಮಾಡಿದ ಎಂಡಿಎಫ್ ಹಲಗೆ ಕತ್ತರಿಸಿದಾಗ ಮರದ ಜೊತೆ ಅಂಟಿನ ಪುಡಿಯೂ ಏಳುತ್ತದೆ. ಹಾಗಾಗಿ ಕೈಯಲ್ಲೊಂದು ರಿಮೋಟ್ ಇರುವುದನ್ನು ನಾನು ಶೋಕಿ ಅಂದುಕೊಳ್ಳುವುದಿಲ್ಲ. ಇರುವ ಮೆಷಿನ್ನನ್ನು ಪ್ರತಿ ಕಟ್‌ಗೂ ಬಳಸುವಂತೆ ಮಾಡುವುದು ಅದೇ.

ಆದರೆ ಯಾವ ರಿಮೋಟ್? ಕೆಲವು ನೂರು ರೂಪಾಯಿಗೆ ಸಿಗುವ ಪ್ಲಗ್‌ನಿಂದ ಹಿಡಿದು ಕಬ್ಬಿಣದ ಪೆಟ್ಟಿಗೆಯ ಸ್ಟಾರ್ಟರ್‌ವರೆಗೆ ಎಲ್ಲದರ ಮೇಲೂ ‘ರಿಮೋಟ್ ಸ್ವಿಚ್’ ಎಂದೇ ಬರೆದಿರುತ್ತದೆ. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಕೆಲಸ ಮಾಡುತ್ತವೆ. ಒಳಗೆ ಮಾತ್ರ ಭಾರಿ ವ್ಯತ್ಯಾಸ ಇದೆ.

ಮೊದಲು ನಾನೇ ಕಂಡದ್ದನ್ನು ಹೇಳುತ್ತೇನೆ. ನನ್ನ 2 ಎಚ್‌ಪಿ ಕಲೆಕ್ಟರ್‌ಗೆ 16 ಆಂಪ್ ಎಂದು ಬರೆದಿದ್ದ ಒಂದು ರಿಮೋಟ್ ಪ್ಲಗ್ ಹಾಕಿದ್ದೆ. ಮೋಟರ್ ಎಳೆಯುವುದು 11 ಆಂಪ್ ಆಸುಪಾಸು, ಪ್ಲಗ್ ತಾಳುವುದು 16, ಇನ್ನೇನು ಚಿಂತೆ ಅಂದುಕೊಂಡಿದ್ದೆ. ನಾಲ್ಕು ತಿಂಗಳು ಚೆನ್ನಾಗಿಯೇ ನಡೆಯಿತು. ಒಂದು ದಿನ ಆಫ್ ಒತ್ತಿದೆ, ಮೋಟರ್ ನಿಲ್ಲಲಿಲ್ಲ. ಮತ್ತೆ ಒತ್ತಿದೆ. ಪ್ಲಗ್‌ನ ದೀಪ ಆರಿತು, ಮೋಟರ್ ಮಾತ್ರ ತಿರುಗುತ್ತಲೇ ಇತ್ತು. ಕೊನೆಗೆ ಎಂಸಿಬಿ ಇಳಿಸಬೇಕಾಯಿತು. ಬಿಚ್ಚಿ ನೋಡಿದರೆ ಒಳಗೆ ಸ್ವಿಚ್ಚಿನ ಕೆಲಸ ಮಾಡುವ ರಿಲೇಯ ಎರಡು ಚುಕ್ಕಿಗಳು, ಅಂದರೆ ಕರೆಂಟ್ ದಾಟಿಸುವ ಲೋಹದ ತುದಿಗಳು, ಬೆಸುಗೆ ಹಾಕಿದ ಹಾಗೆ ಒಂದಕ್ಕೊಂದು ಅಂಟಿದ್ದವು. ಆ ಹೊತ್ತಿನಲ್ಲಿ ಯಾರದಾದರೂ ಕೈ ಒಳಗಿದ್ದಿದ್ದರೆ ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

16 ಆಂಪ್ ಎಂದರೆ ಯಾವ 16 ಆಂಪ್?

ಆ ಪ್ಲಗ್ ಮೇಲೆ ಬರೆದಿದ್ದು ಸುಳ್ಳಲ್ಲ. ಆದರೆ ಆ ಲೆಕ್ಕ ಗೀಸರ್‌ಗೆ, ಇಸ್ತ್ರಿ ಪೆಟ್ಟಿಗೆಗೆ ಸರಿ. 2 ಕಿಲೋವ್ಯಾಟ್‌ನ ಗೀಸರ್ ನಮ್ಮ 230 ವೋಲ್ಟ್‌ನಲ್ಲಿ 9 ಆಂಪ್‌ನ ಹತ್ತಿರ ಎಳೆಯುತ್ತದೆ. ಸ್ವಿಚ್ ಹಾಕಿದ ಕ್ಷಣವೂ ಅಷ್ಟೇ, ಅರ್ಧ ಗಂಟೆ ಆದ ಮೇಲೂ ಅಷ್ಟೇ. ಅದು ತಕರಾರಿಲ್ಲದ ಲೋಡ್.

ಮೋಟರ್ ಹಾಗಲ್ಲ. ನಿಂತ ಮೋಟರ್‌ಗೆ ಕರೆಂಟ್ ಕೊಟ್ಟಾಗ ಅದು ವೇಗಕ್ಕೆ ಬರುವವರೆಗೆ ಮಾಮೂಲಿಯ ಆರರಿಂದ ಎಂಟು ಪಟ್ಟು ಎಳೆಯಬಹುದು. 11 ಆಂಪ್‌ನ ಮೋಟರ್ ಆ ಗಳಿಗೆಯಲ್ಲಿ 70 ಆಂಪ್ ಕೇಳುತ್ತದೆ. ಡ್ರಿಲ್ಲಿಂಗ್ ಮೆಷಿನ್ ಆದರೆ ಕಣ್ಣು ಮಿಟುಕಿಸುವುದರಲ್ಲಿ ವೇಗಕ್ಕೆ ಬಂದುಬಿಡುತ್ತದೆ. ಡಸ್ಟ್ ಕಲೆಕ್ಟರ್‌ನ ಒಳಗಿರುವುದು ಭಾರದ ಉಕ್ಕಿನ ಫ್ಯಾನು. ಅದನ್ನು ತಿರುಗಿಸಿ ಪೂರ್ತಿ ವೇಗಕ್ಕೆ ತರಲು ಒಂದೆರಡು ಸೆಕೆಂಡಾದರೂ ಬೇಕು. ಅಷ್ಟು ಹೊತ್ತೂ ಆ ಜಾಸ್ತಿ ಕರೆಂಟ್ ಪುಟ್ಟ ರಿಲೇಯ ಚುಕ್ಕಿಗಳ ಮೂಲಕವೇ ಹರಿಯುತ್ತದೆ. ಆ ಚುಕ್ಕಿಗಳು ಕೂಡುವಾಗ ಸಣ್ಣಗೆ ಪುಟಿಯುತ್ತವೆ. ಪುಟಿದಾಗಲೆಲ್ಲ ಕಿಡಿ ಹಾರುತ್ತದೆ, ಲೋಹ ಒಂದು ಚೂರು ಕರಗುತ್ತದೆ. ಆರಿಸುವಾಗಲೂ ಮೋಟರ್‌ನ ಸುರುಳಿ ಕರೆಂಟನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ, ಇನ್ನೊಂದು ಕಿಡಿ. ದಿನಕ್ಕೆ ಮೂವತ್ತು ಸಲ ಹೀಗಾದರೆ ನಾಲ್ಕು ತಿಂಗಳು ಬಾಳಿದ್ದೇ ದೊಡ್ಡದು.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ಮೋಟರ್‌ನ ಮೈಮೇಲಿರುವ ತಗಡಿನ ಪಟ್ಟಿ ಓದಿ. ಎಷ್ಟು ಎಚ್‌ಪಿ, ಎಷ್ಟು ಆಂಪ್, ಸಿಂಗಲ್ ಫೇಸೋ ತ್ರೀ ಫೇಸೋ, ಈ ಮೂರು ಸಾಕು. ಪಟ್ಟಿ ಅಳಿಸಿಹೋಗಿದ್ದರೆ ಒಂದು ಅಂದಾಜು ಹೇಳುತ್ತೇನೆ. ಸಿಂಗಲ್ ಫೇಸ್‌ನಲ್ಲಿ 1 ಎಚ್‌ಪಿಗೆ 6 ಆಂಪ್‌ನಷ್ಟು, 2 ಎಚ್‌ಪಿಗೆ 10ರಿಂದ 12, 3 ಎಚ್‌ಪಿಗೆ 15ರಿಂದ 17. ಅದೇ 3 ಎಚ್‌ಪಿ ತ್ರೀ ಫೇಸ್ ಆದರೆ ಒಂದೊಂದು ಫೇಸ್‌ಗೆ 5 ಆಂಪ್ ಆಸುಪಾಸು ಮಾತ್ರ. 3 ಎಚ್‌ಪಿ ಸಿಂಗಲ್ ಫೇಸ್ ಮೋಟರನ್ನು ಗೋಡೆಯ 16 ಆಂಪ್ ಸಾಕೆಟ್‌ಗೆ ಚುಚ್ಚುವ ಯೋಚನೆಯನ್ನೇ ಬಿಡಿ. ಅದಕ್ಕೆ ಬೋರ್ಡ್‌ನಿಂದ ಬೇರೆಯದೇ ಲೈನ್ ಬೇಕು.

ಪಂಪ್‌ಸೆಟ್ ಇಟ್ಟವರಿಗೆ ಇದು ಗೊತ್ತಿರುವ ವಿಷಯ

ಮೋಟರನ್ನು ಹಾಕಿ ಆರಿಸುವ ಸರಿಯಾದ ಸಾಧನ ನಮಗೆ ಹೊಸದಲ್ಲ. ತೋಟದ ಪಂಪ್ ಮನೆಯ ಗೋಡೆಯಲ್ಲಿ ತೂಗುವ ಸ್ಟಾರ್ಟರ್ ಅದೇ. ಹಸಿರು ಗುಂಡಿ, ಕೆಂಪು ಗುಂಡಿ, ಒತ್ತಿದರೆ ‘ಟಕ್’ ಎನ್ನುವ ಸದ್ದು. ಆ ‘ಟಕ್’ ಎನ್ನುವುದೇ ಕಾಂಟಾಕ್ಟರ್. ಒಳಗೊಂದು ಕಾಯಿಲ್ ಇರುತ್ತದೆ. ಕಾಯಿಲ್‌ಗೆ ಕರೆಂಟ್ ಸಿಕ್ಕರೆ ಅದು ಅಯಸ್ಕಾಂತವಾಗಿ ದಪ್ಪನೆಯ ಚುಕ್ಕಿಗಳನ್ನು ಗಟ್ಟಿಯಾಗಿ ಎಳೆದು ಕೂಡಿಸುತ್ತದೆ. ಮೋಟರ್‌ನ ಹೊಡೆತವನ್ನು ತಡೆದುಕೊಳ್ಳುವುದಕ್ಕೇ ಮಾಡಿದ ಚುಕ್ಕಿಗಳು ಅವು.

ಇಲ್ಲಿ ಇಡೀ ವಿಷಯದ ಗುಟ್ಟು ಇದೆ. ಮೋಟರ್ 11 ಆಂಪ್ ಎಳೆದರೂ, ಸಣ್ಣ ಕಾಂಟಾಕ್ಟರ್‌ನ ಕಾಯಿಲ್ ಹಿಡಿದಿಡಲು ಎಳೆಯುವುದು 0.03 ಆಂಪ್‌ನಷ್ಟು. ಎಳೆದುಕೊಳ್ಳುವ ಕ್ಷಣದಲ್ಲೂ ಅರ್ಧ ಆಂಪ್ ದಾಟುವುದಿಲ್ಲ. ಅಂದರೆ ರಿಮೋಟ್‌ನ ಪುಟ್ಟ ರಿಲೇಗೆ ಕಾಯಿಲ್ ಕೆಲಸ ಮಾತ್ರ ಕೊಟ್ಟರೆ ಅದಕ್ಕೆ ಆಯಾಸವೇ ಇಲ್ಲ. ರಿಮೋಟ್ ದೂರದಿಂದ ಕೂಗು ಹಾಕಲಿ, ಭಾರ ಎತ್ತುವ ಕೆಲಸ ಕಾಂಟಾಕ್ಟರ್ ಮಾಡಲಿ. ಈ ಎರಡು ಕೆಲಸವನ್ನು ಒಬ್ಬನ ಮೇಲೇ ಹೊರಿಸಿದ್ದು ನನ್ನ ಹಳೆಯ ಪ್ಲಗ್‌ನ ತೊಂದರೆ.

ಕಾಂಟಾಕ್ಟರ್ ಕೊಳ್ಳುವಾಗ ಅದರ ಮೈಮೇಲೆ ಎರಡು ಅಂಕಿ ಕಾಣುತ್ತವೆ. ಎಸಿ-1 ಎನ್ನುವುದರ ಮುಂದೆ ಇರುವುದು ಹೀಟರ್ ಥರದ ಲೋಡ್‌ಗೆ. ಎಸಿ-3 ಎನ್ನುವುದರ ಮುಂದೆ ಇರುವುದು ಮೋಟರ್‌ಗೆ. ಒಂದೇ ಕಾಂಟಾಕ್ಟರ್ ಎಸಿ-1ರಲ್ಲಿ 25 ಆಂಪ್, ಎಸಿ-3ರಲ್ಲಿ ಬರೀ 9 ಆಂಪ್ ಆಗಿರುತ್ತದೆ. ಅಂಗಡಿಯವರು ‘25 ಆಂಪ್‌ದು ಕೊಡಲಾ’ ಅಂದರೆ ‘ಎಸಿ-3ರಲ್ಲಿ ಎಷ್ಟು’ ಎಂದು ಕೇಳಿ. 2 ಎಚ್‌ಪಿ ಸಿಂಗಲ್ ಫೇಸ್‌ಗೆ ನಾನು ಎಸಿ-3ರಲ್ಲಿ 18 ಆಂಪ್‌ದನ್ನೇ ಹಾಕುತ್ತೇನೆ. ಸ್ವಲ್ಪ ದೊಡ್ಡದಾದರೆ ನಷ್ಟವಿಲ್ಲ, ಚಿಕ್ಕದಾದರೆ ಮತ್ತೆ ಅದೇ ಬೆಸುಗೆ ಕಥೆ. ಕಾಯಿಲ್ ವೋಲ್ಟೇಜ್ ಕೂಡ ನೋಡಿಕೊಳ್ಳಿ. ಸಿಂಗಲ್ ಫೇಸ್ ಶೆಡ್‌ಗೆ 230 ವೋಲ್ಟ್‌ನ ಕಾಯಿಲ್ ಬೇಕು, 415ರದ್ದು ಎಳೆಯುವುದೇ ಇಲ್ಲ.

ಕಾಂಟಾಕ್ಟರ್ ಕೆಳಗೆ ಓವರ್‌ಲೋಡ್ ರಿಲೇ ಇರಲೇಬೇಕು. ಫ್ಯಾನಿಗೆ ಮರದ ಚೂರು ಸಿಕ್ಕಿ ಮೋಟರ್ ತಿಣುಕಿದರೆ ಅದೇ ಕಾಪಾಡುವುದು. ಎಂಸಿಬಿ ಇರುವುದು ವೈರ್ ಕಾಯಲು, ಮೋಟರ್‌ನ ಬಿಸಿ ಅದಕ್ಕೆ ಗೊತ್ತಾಗುವುದಿಲ್ಲ. ಓವರ್‌ಲೋಡ್‌ನ ತಿರುಪನ್ನು ಮೋಟರ್ ಪಟ್ಟಿಯಲ್ಲಿರುವ ಆಂಪ್‌ಗೇ ಇಡಿ. ಇಲ್ಲೊಂದು ಸಣ್ಣ ವಿಷಯ ತುಂಬಾ ಜನಕ್ಕೆ ತಲೆನೋವು ಕೊಡುತ್ತದೆ. ತ್ರೀ ಫೇಸ್‌ಗೆ ಮಾಡಿದ ಓವರ್‌ಲೋಡ್ ರಿಲೇಯನ್ನು ಸಿಂಗಲ್ ಫೇಸ್‌ಗೆ ಹಾಕಿದರೆ, ಕರೆಂಟನ್ನು ಅದರ ಮೂರೂ ದಾರಿಗಳಲ್ಲಿ ಸುತ್ತಿಸಿ ತರಬೇಕು. ಇಲ್ಲದಿದ್ದರೆ ಒಂದು ಫೇಸ್ ಹೋಗಿದೆ ಎಂದು ತಿಳಿದು ಕಾರಣವಿಲ್ಲದೆ ಬೀಳುತ್ತಿರುತ್ತದೆ. ಈ ವೈರಿಂಗ್ ಎಲ್ಲ ಲೈಸೆನ್ಸ್ ಇರುವ ವೈರ್‌ಮ್ಯಾನ್ ಕೈಯಲ್ಲೇ ಮಾಡಿಸಿ. ನಿಮಗೆ ಗೊತ್ತಿರಬೇಕಾದದ್ದು ಏನು ಕೇಳಬೇಕು ಎಂಬುದು.

ಕರೆಂಟ್ ಹೋಗಿ ಬಂದರೆ?

ನನ್ನ ಮಟ್ಟಿಗೆ ಆಯ್ಕೆಯ ದೊಡ್ಡ ಪ್ರಶ್ನೆ ಇದೇ. ರಿಮೋಟ್ ಎಷ್ಟು ದೂರಕ್ಕೆ ಕೆಲಸ ಮಾಡುತ್ತದೆ ಎಂದು ಎಲ್ಲರೂ ಕೇಳುತ್ತಾರೆ, ಇದನ್ನು ಯಾರೂ ಕೇಳುವುದಿಲ್ಲ. ಕಲೆಕ್ಟರ್ ಓಡುತ್ತಿರುವಾಗ ಕರೆಂಟ್ ಹೋಯಿತು ಅನ್ನಿ. ಈ ಬಿಡುವಿನಲ್ಲಿ ಪೈಪ್ ಕಟ್ಟಿಕೊಂಡಿದ್ದನ್ನು ತೆಗೆಯೋಣ ಎಂದು ಕೈ ಹಾಕುತ್ತೀರಿ. ಆಗಲೇ ಕರೆಂಟ್ ಬರುತ್ತದೆ. ಫ್ಯಾನು ತಾನಾಗೇ ತಿರುಗಬೇಕೋ, ಸುಮ್ಮನಿರಬೇಕೋ?

ಸ್ಟಾರ್ಟರ್‌ನ ಸ್ವಭಾವವೇ ಸುಮ್ಮನಿರುವುದು. ಹಸಿರು ಗುಂಡಿ ಒತ್ತಿ ಬಿಟ್ಟ ಮೇಲೆ ಕಾಂಟಾಕ್ಟರ್ ತನ್ನದೇ ಒಂದು ಚಿಕ್ಕ ಚುಕ್ಕಿಯ ಮೂಲಕ ತನ್ನ ಕಾಯಿಲ್ಲಿಗೆ ಕರೆಂಟ್ ಕೊಟ್ಟುಕೊಳ್ಳುತ್ತಿರುತ್ತದೆ. ಕರೆಂಟ್ ಹೋದರೆ ಹಿಡಿತ ಬಿಡುತ್ತದೆ. ಮತ್ತೆ ಬಂದರೂ ಯಾರಾದರೂ ಒತ್ತುವವರೆಗೆ ಕೂಡುವುದಿಲ್ಲ. ನಮ್ಮ ರೈತರು ಪಂಪ್‌ಗೆ ‘ಆಟೋ ಸ್ವಿಚ್’ ಹಾಕಿಸಿಕೊಂಡಿರುತ್ತಾರಲ್ಲ, ರಾತ್ರಿ ತ್ರೀ ಫೇಸ್ ಬಂದಾಗ ತಾನೇ ಓಡಲಿ ಎಂದು, ಅದು ಈ ಸ್ವಭಾವವನ್ನೇ ಮುರಿಯುವ ಸಾಧನ. ನೀರಿನ ಪಂಪ್‌ಗೆ ಅದಕ್ಕೊಂದು ಕಾರಣ ಇದೆ. ಮರಗೆಲಸದ ಶೆಡ್‌ಗೆ ಅದು ಬೇಡವೇ ಬೇಡ.

ರಿಮೋಟ್‌ನ ಕೂಗು ಕೇಳಿಸಿಕೊಳ್ಳುವ ಅಗ್ಗದ ರಿಸೀವರ್‌ಗಳಲ್ಲಿ ಕೆಲವು ಹಿಂದಿನ ಸ್ಥಿತಿಯನ್ನು ನೆನಪಿಟ್ಟುಕೊಂಡು, ಕರೆಂಟ್ ಬಂದ ಕೂಡಲೇ ತಾವೇ ಆನ್ ಆಗುತ್ತವೆ. ಡಬ್ಬದ ಮೇಲೆ ಇದನ್ನು ಬರೆದಿರುವುದು ಅಪರೂಪ. ಕಂಡುಹಿಡಿಯುವ ದಾರಿ ಸುಲಭ. ಮೋಟರ್ ಬದಲು ಒಂದು ಬಲ್ಬ್ ಜೋಡಿಸಿ, ರಿಮೋಟ್‌ನಿಂದ ಹತ್ತಿಸಿ. ಮೇನ್ ಇಳಿಸಿ, ಒಂದು ನಿಮಿಷ ಬಿಟ್ಟು ಏರಿಸಿ. ಬಲ್ಬ್ ತಾನಾಗೇ ಹತ್ತಿದರೆ ಆ ರಿಸೀವರನ್ನು ಮೋಟರ್ ಹತ್ತಿರ ತರಬೇಡಿ.

ಇದಕ್ಕಿಂತ ಗಟ್ಟಿಯಾದ ಜೋಡಣೆ ಇನ್ನೊಂದಿದೆ, ನನ್ನ ಶೆಡ್‌ನಲ್ಲಿ ಈಗ ಇರುವುದು ಅದೇ. ಎರಡು ಚಾನೆಲ್‌ನ ರಿಸೀವರ್ ತಗೊಂಡು, ಎರಡನ್ನೂ ‘ಒತ್ತಿದಾಗ ಮಾತ್ರ’ ಕೆಲಸ ಮಾಡುವ ಬಗೆಗೆ ಇಡಬೇಕು. ಮೊದಲ ಚಾನೆಲ್‌ನ ಚುಕ್ಕಿಗಳು ಮಾಮೂಲಿಯಾಗಿ ಬಿಟ್ಟಿರುತ್ತವೆ. ಅವನ್ನು ಸ್ಟಾರ್ಟರ್‌ನ ಹಸಿರು ಗುಂಡಿಗೆ ಪಕ್ಕಪಕ್ಕದಲ್ಲಿ ಸೇರಿಸುತ್ತಾರೆ. ಎರಡನೆಯದರ ಚುಕ್ಕಿಗಳು ಮಾಮೂಲಿಯಾಗಿ ಕೂಡಿರುತ್ತವೆ. ಅವನ್ನು ಕೆಂಪು ಗುಂಡಿಯ ಸಾಲಿನಲ್ಲಿ ಸೇರಿಸುತ್ತಾರೆ. ಈಗ ರಿಮೋಟ್ ಎಂದರೆ ದೂರದಿಂದ ಗುಂಡಿ ಒತ್ತುವ ಇನ್ನೊಂದು ಬೆರಳು, ಅಷ್ಟೇ. ರಿಮೋಟ್ ಕೆಟ್ಟರೂ ಗೋಡೆಯ ಗುಂಡಿಗಳು ನಡೆಯುತ್ತವೆ. ಓವರ್‌ಲೋಡ್ ಬಿದ್ದರೆ ರಿಮೋಟ್ ಅದನ್ನು ಮೀರಲಾರದು. ಕರೆಂಟ್ ಹೋಗಿ ಬಂದರೆ ಎಲ್ಲ ಸುಮ್ಮನಿರುತ್ತದೆ. ಹಾಕಲು ಒಂದು ಗುಂಡಿ, ಆರಿಸಲು ಬೇರೆ ಗುಂಡಿ ಇರುವುದರಿಂದ ಗೊಂದಲವೂ ಇಲ್ಲ. ಒಂದೇ ಗುಂಡಿ ಒಮ್ಮೆ ಹಾಕಿ ಒಮ್ಮೆ ಆರಿಸುವ ಬಗೆಯಲ್ಲಿ, ಗಾಬರಿಯಲ್ಲಿ ಎರಡು ಸಲ ಒತ್ತಿದರೆ ಆರಿದ್ದು ಮತ್ತೆ ಓಡತೊಡಗುತ್ತದೆ.

ಕೂಗು ಯಾವ ದಾರಿಯಲ್ಲಿ ಹೋಗಬೇಕು

ಟಿವಿ ರಿಮೋಟ್ ಥರ ಬೆಳಕಿನ ಕಿರಣದಲ್ಲಿ ನಡೆಯುವುದು ಶೆಡ್‌ಗೆ ಆಗುವುದಿಲ್ಲ. ನಡುವೆ ಪ್ಲೈವುಡ್ ಹಾಳೆ ನಿಲ್ಲಿಸಿದರೆ ಮುಗಿಯಿತು. ವಾರದಲ್ಲಿ ಅದರ ಕಣ್ಣಿನ ಮೇಲೆ ಪುಡಿ ಕೂತು ಮಂಕಾಗುತ್ತದೆ.

ರೇಡಿಯೋ ಅಲೆಯದ್ದೇ ಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು 433 ಮೆಗಾಹರ್ಟ್ಸ್‌ದು. ಇಟ್ಟಿಗೆ ಗೋಡೆ, ಮರ ಅದಕ್ಕೆ ಲೆಕ್ಕಕ್ಕಿಲ್ಲ. ತಗಡು ಮಾತ್ರ ತಡೆಯುತ್ತದೆ. ರಿಸೀವರನ್ನು ಕಬ್ಬಿಣದ ಸ್ಟಾರ್ಟರ್ ಪೆಟ್ಟಿಗೆಯೊಳಗೆ ಮುಚ್ಚಿಟ್ಟು ‘ದೂರಕ್ಕೆ ಹಿಡಿಯುತ್ತಿಲ್ಲ’ ಎಂದು ಬೇಸರಪಡುವವರನ್ನು ನೋಡಿದ್ದೇನೆ. ಅದನ್ನು ಪ್ಲಾಸ್ಟಿಕ್ ಡಬ್ಬದಲ್ಲಿ ಪಕ್ಕಕ್ಕೆ ಇಡಿ, ಪುಟ್ಟ ಆಂಟೆನಾ ತಂತಿ ನೆಟ್ಟಗೆ ಹೊರಗಿರಲಿ. ಡಬ್ಬಕ್ಕೆ ರಬ್ಬರ್ ಅಂಚಿನ ಮುಚ್ಚಳ ಇರಬೇಕು. ಪುಡಿ, ನೀರು ತಡೆಯುವ ಮಟ್ಟ ಐಪಿ54 ಅಥವಾ ಅದಕ್ಕಿಂತ ಮೇಲಿನದಾದರೆ ಪುಡಿ ಒಳಗೆ ಹೋಗಿ ಕೆಡಿಸುವುದಿಲ್ಲ. ಕಿಡಿ ಹಾರುವ ಜಾಗದಲ್ಲಿ ಮರದ ಪುಡಿ ಕೂರಲು ಬಿಡಬಾರದು.

ಕೋಡ್ ಬಗ್ಗೆಯೂ ಒಂದು ಮಾತು. ಹಳೆಯ ಬಗೆಯ ರಿಮೋಟ್‌ಗಳಲ್ಲಿ ಕೋಡನ್ನು ಬೆಸುಗೆಯ ಚುಕ್ಕಿಗಳಿಂದ ಕೈಯಾರೆ ಇಡಬೇಕಿತ್ತು. ಫ್ಯಾಕ್ಟರಿಯಿಂದ ಬಂದ ಹಾಗೇ ಬಿಟ್ಟರೆ ಪಕ್ಕದ ಮನೆಯ ಗೇಟ್ ರಿಮೋಟ್‌ಗೂ ನಿಮ್ಮ ಕಲೆಕ್ಟರ್ ಓಡಬಹುದು. ಈಗ ಬರುವ ‘ಕಲಿಯುವ’ ಬಗೆಯವು ಮೇಲು. ಅವುಗಳಲ್ಲಿ ಹೆಚ್ಚು ಬಳಕೆಯ ಚಿಪ್ ಒಂದಕ್ಕೆ 20 ಬಿಟ್‌ನ ಕೋಡ್ ಇದೆ, ಅಂದರೆ ಹತ್ತು ಲಕ್ಷಕ್ಕೂ ಹೆಚ್ಚು ಬಗೆ. ರಿಸೀವರ್‌ನ ಗುಂಡಿ ಒತ್ತಿ, ರಿಮೋಟ್ ಒತ್ತಿದರೆ ಅದು ಕಲಿತುಕೊಳ್ಳುತ್ತದೆ. ಒಂದೇ ರಿಸೀವರ್‌ಗೆ ಮೂರ್ನಾಲ್ಕು ರಿಮೋಟ್ ಕಲಿಸಬಹುದು. ಒಂದನ್ನು ಟೇಬಲ್ ಸಾ ಪಕ್ಕ, ಒಂದನ್ನು ಪ್ಲೇನರ್ ಪಕ್ಕ ಅಂಟಿಸಿಬಿಡಿ. ಜೇಬಿನಲ್ಲಿ ಇಟ್ಟುಕೊಂಡರೆ ಬಗ್ಗಿದಾಗ ತಾನೇ ಒತ್ತಿಹೋಗುತ್ತದೆ, ಎಲ್ಲೋ ಇಟ್ಟು ಮರೆತೂ ಹೋಗುತ್ತದೆ. ಬ್ಯಾಟರಿ ಯಾವುದು ಎಂದೂ ನೋಡಿ. ಸಣ್ಣ 12 ವೋಲ್ಟ್‌ನ ಸೆಲ್ ಎಲ್ಲ ಊರಲ್ಲೂ ಸಿಗುವುದಿಲ್ಲ, ಒಂದು ಜಾಸ್ತಿ ತಂದಿಟ್ಟುಕೊಳ್ಳಿ.

ವೈಫೈ ಸ್ವಿಚ್ ಬಗ್ಗೆ ಕೇಳುವವರು ಬಹಳ. ಪುಡಿ ಮೆತ್ತಿದ ಕೈಯಲ್ಲಿ ಫೋನ್ ತೆಗೆದು, ಲಾಕ್ ಬಿಡಿಸಿ, ಆ್ಯಪ್ ತೆರೆಯುವ ಹೊತ್ತಿಗೆ ಮೂಲೆಗೆ ಹೋಗಿ ಬರಬಹುದು. ನೆಟ್ ಇಲ್ಲದಿದ್ದರೆ ಹಲವು ಕೆಲಸವೇ ಮಾಡುವುದಿಲ್ಲ. ಪಂಪ್‌ಗೆ ಹಾಕುವ ಸಿಮ್ ಕಾರ್ಡಿನ ಮೊಬೈಲ್ ಸ್ಟಾರ್ಟರ್ ಕೂಡ ಹಾಗೇ. ಎರಡು ಕಿಲೋಮೀಟರ್ ದೂರದ ತೋಟಕ್ಕೆ ಅದು ವರ. ಎದುರಿಗೇ ಇರುವ ಮೆಷಿನ್‌ಗೆ ಕಾಲ್ ಮಾಡಿ ಕಾಯುವುದು ಯಾಕೆ? ಅಮೆರಿಕದಿಂದ ಬರುವ ನೆಂಟರು ಅಲ್ಲಿಯ ಡಸ್ಟ್ ಕಲೆಕ್ಟರ್ ರಿಮೋಟ್ ತಂದುಕೊಡುತ್ತೇನೆ ಅಂದರೆ ಬೇಡ ಎನ್ನಿ. ಅಲ್ಲಿ ಸಾಮಾನ್ಯ ಸಾಕೆಟ್ 120 ವೋಲ್ಟ್‌ದು, ನಮ್ಮ 230ಕ್ಕೆ ಅದು ಸುಟ್ಟೇ ಹೋಗುತ್ತದೆ.

ಗುಂಡಿಯೇ ಬೇಡ ಎನ್ನುವವರಿಗೆ ಇನ್ನೊಂದು ದಾರಿ ಇದೆ. ಗರಗಸದ ವೈರ್‌ನಲ್ಲಿ ಕರೆಂಟ್ ಹರಿಯುವುದನ್ನು ಗ್ರಹಿಸಿ ಕಲೆಕ್ಟರನ್ನು ತಾನಾಗೇ ಹಾಕುವ ಸಾಧನ. ಬಾಷ್, ಫೆಸ್ಟೂಲ್‌ನವರ ಕೆಲವು ಕಾರ್ಖಾನೆ ವ್ಯಾಕ್ಯೂಮ್‌ಗಳ ಮೈಮೇಲೇ ಇರುವ ಸಾಕೆಟ್ ಮಾಡುವ ಕೆಲಸ ಇದೇ. ಸ್ಯಾಂಡರ್ ಅದಕ್ಕೆ ಚುಚ್ಚಿದರೆ ಎರಡೂ ಜೊತೆಗೆ ನಡೆಯುತ್ತವೆ. ಸಣ್ಣ ಮೆಷಿನ್‌ಗೆ ನನಗೆ ಇದೇ ಇಷ್ಟ, ಮರೆಯುವ ಮಾತೇ ಇಲ್ಲ. ದೊಡ್ಡ ಮೋಟರ್‌ಗೆ ಹಾಕುವುದಾದರೆ ಗ್ರಹಿಸುವ ಸಾಧನವೂ ಕಾಂಟಾಕ್ಟರ್‌ಗೇ ಅಪ್ಪಣೆ ಕೊಡಬೇಕು. ಗರಗಸ ಶುರುವಾದ ಒಂದೆರಡು ಸೆಕೆಂಡ್ ಬಿಟ್ಟು ಕಲೆಕ್ಟರ್ ಶುರುವಾಗುವಂತೆ ಇರಬೇಕು. ಎರಡು ಮೋಟರ್ ಒಟ್ಟಿಗೆ ಎದ್ದರೆ ಎಂಸಿಬಿ ಬೀಳಬಹುದು.

ರಿಮೋಟ್ ಬಂದ ಮೇಲೆ

ಕೈಗೆ ರಿಮೋಟ್ ಬಂದರೆ ಪ್ರತಿ ಕಟ್‌ಗೂ ಹಾಕಿ ಆರಿಸುವ ಚಟ ಬರುತ್ತದೆ. ಮೋಟರ್‌ಗೆ ಅದು ಒಳ್ಳೆಯದಲ್ಲ. ಪ್ರತಿ ಸಲ ಏಳುವಾಗಲೂ ಆ ಆರೆಂಟು ಪಟ್ಟು ಕರೆಂಟ್ ಸುರುಳಿಯನ್ನು ಬಿಸಿ ಮಾಡುತ್ತದೆ. ಸ್ಟಾರ್ಟಿಂಗ್ ಕೆಪಾಸಿಟರ್ ತಣಿಯುವ ಮೊದಲೇ ಮತ್ತೆ ಹೊಡೆತ ಬೀಳುತ್ತದೆ. ಐದು ನಿಮಿಷದೊಳಗೆ ಇನ್ನೊಂದು ಕಟ್ ಇದೆ ಎಂದರೆ ನಾನು ಓಡಲು ಬಿಡುತ್ತೇನೆ.

ವೋಲ್ಟೇಜ್ ಕಡಿಮೆ ಇರುವ ಊರಲ್ಲಿ ಇನ್ನೂ ಜೋಪಾನ. ಮೋಟರ್‌ನ ಎತ್ತುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ಇರಬೇಕಾದ ಕಡೆ 180 ಬಂದರೆ ಬಲ ಶೇಕಡ 61ಕ್ಕೆ ಬಿತ್ತು. ಫ್ಯಾನು ನಿಧಾನಕ್ಕೆ ಏಳುತ್ತದೆ, ಅಷ್ಟು ಹೊತ್ತೂ ಸುರುಳಿ ಬಿಸಿಯಾಗುತ್ತಿರುತ್ತದೆ. ಇಲ್ಲಿ ಒಂದು ಉಪಾಯ ಇದೆ. ಪೈಪ್‌ಗಳ ಗೇಟ್‌ಗಳನ್ನೆಲ್ಲ ಮುಚ್ಚಿ ಶುರು ಮಾಡಿ, ವೇಗಕ್ಕೆ ಬಂದ ಮೇಲೆ ಬೇಕಾದ ಗೇಟ್ ತೆರೆಯಿರಿ. ಮುಚ್ಚಿದರೆ ಮೋಟರ್‌ಗೆ ಕಷ್ಟ ಎಂದು ತುಂಬಾ ಜನ ನಂಬಿದ್ದಾರೆ. ಈ ಬಗೆಯ ಫ್ಯಾನಿನಲ್ಲಿ ಅದು ಉಲ್ಟಾ. ಗಾಳಿ ಹರಿಯದಿದ್ದರೆ ಫ್ಯಾನಿಗೆ ಕೆಲಸವೇ ಕಡಿಮೆ. ಪೈಪ್ ಕಳಚಿ ಬಾಯಿ ಪೂರ್ತಿ ತೆರೆದು ಓಡಿಸಿದಾಗಲೇ ಅದು ಜಾಸ್ತಿ ಆಂಪ್ ಎಳೆಯುವುದು. ಕ್ಲಾಂಪ್ ಮೀಟರ್ ಹಿಡಿದು ನೋಡಿದರೆ ಗೊತ್ತಾಗುತ್ತದೆ.

ರಿಪೇರಿಗೆ ಕೈ ಹಾಕುವಾಗ ರಿಮೋಟ್‌ನಲ್ಲಿ ಆರಿಸಿದ್ದು ಸಾಲದು. ಎಂಸಿಬಿ ಇಳಿಸಿ, ಇಲ್ಲವೇ ಪ್ಲಗ್ ಕಿತ್ತು ಕಣ್ಣೆದುರು ಇಟ್ಟುಕೊಳ್ಳಿ. ರಿಮೋಟ್ ಮಗುವಿನ ಕೈಯಲ್ಲಿರಬಹುದು, ಹೊಸ ಹುಡುಗ ತಿಳಿಯದೆ ಒತ್ತಬಹುದು. ತುರ್ತಿಗೆ ನಿಲ್ಲಿಸಲು ಗೋಡೆಯಲ್ಲಿ ಅಂಗೈಯಿಂದ ಹೊಡೆಯುವಂಥ ದಪ್ಪ ಕೆಂಪು ಗುಂಡಿ ಇರಲಿ. ಬ್ಯಾಟರಿಯ ಮೇಲೆ ನಡೆಯುವ ರಿಮೋಟ್ ಆ ಜಾಗ ತುಂಬಲಾರದು.

ಎಲ್ಲ ಜೋಡಿಸಿದ ದಿನ ಒಂದು ಗಂಟೆ ಪರೀಕ್ಷೆಗೆ ಇಡಿ. ರಿಸೀವರ್ ಪಕ್ಕದಲ್ಲೇ ಆಂಗಲ್ ಗ್ರೈಂಡರ್ ಓಡಿಸಿ ನೋಡಿ. ಕಾರ್ಬನ್ ಬ್ರಷ್‌ನ ಕಿಡಿಗೆ ಕೆಲವು ರಿಸೀವರ್ ಬೆಚ್ಚಿ ತಾವೇ ಆನ್ ಆಗುತ್ತವೆ. ಹಾಗಾದರೆ ರಿಸೀವರನ್ನು ಮೋಟರ್ ವೈರ್‌ಗಳಿಂದ ದೂರ ಸರಿಸಿ. ಆಮೇಲೂ ನಿಲ್ಲದಿದ್ದರೆ ಬೇರೆ ರಿಸೀವರ್ ತನ್ನಿ. ಶೆಡ್ಡಿನ ನಾಲ್ಕು ಮೂಲೆಯಿಂದಲೂ ಆಫ್ ಒತ್ತಿ ನೋಡಿ, ಗರಗಸ ಓಡುತ್ತಿರುವಾಗಲೂ ಒತ್ತಿ ನೋಡಿ. ಕೊನೆಗೆ ಗರಗಸ ನಿಲ್ಲಿಸಿ, ಕಲೆಕ್ಟರನ್ನು ಹಾಗೇ ಬಿಟ್ಟು ಪೈಪ್‌ಗೆ ಕಿವಿ ಕೊಡಿ. ಹೊಟ್ಟು ಸವರಿಕೊಂಡು ಹೋಗುವ ಸರಸರ ಸದ್ದು ಹತ್ತು ಸೆಕೆಂಡಿನಲ್ಲಿ ತೆಳ್ಳಗಾಗಿ, ಬರೀ ಗಾಳಿಯ ಸದ್ದು ಉಳಿಯುತ್ತದೆ. ಆರಿಸುವ ಗುಂಡಿ ಒತ್ತಬೇಕಾದದ್ದು ಆಗ.